ಕೆಸದ ಗಡ್ಡೆಯ ನಡು

ಲಾಡಸಾಬ ಕಾಕಾನ ಬಗ್ಗೆ ಬರೆಯಲು ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ನಾಲ್ಕು ಮಂದಿಯ ಎದುರಿಗೆ ಅವನ ಹೆಸರು ಕೆಡಿಸಿದವಳು ನಾನೇ. ಕೆಡಿಸಲು ಅರ್ಧ ಗಳಿಗೆಯೂ ಬೇಕಾಗಲಿಲ್ಲ. ತಿರುಗಿ ಕೊಡುವುದಕ್ಕೆ ಮಾತ್ರ ಒಂದು ಬೆಳೆಯ ಕಾಲವೇ ಹಿಡಿಯಿತು. ಈ ಮಹಾದೇವಿಯ, ಅಂದರೆ ನನ್ನ, ಬಾಯಿ ಎಂಥದು ಅಂತ ಚೊಳಚಗುಡ್ಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಅದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಊರ ಕೆಳಗೆ ಹಳ್ಳದ ಪಕ್ಕಕ್ಕೆ ನಮ್ಮ ಹನ್ನೊಂದು ತೋಟಗಳಿವೆ. ತೋಟ ಅಂದಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ, ಹತ್ತು ಗುಂಟೆ, ಹದಿನೈದು ಗುಂಟೆಯ ತುಂಡುಗಳು. ಒಬ್ಬರದು ಬಾಳೆ, ಒಬ್ಬರದು ಎಲೆಬಳ್ಳಿ, ಇನ್ನೊಬ್ಬರದು ಮೆಂತೆ, ಕೊತ್ತಂಬರಿ. ಹಳ್ಳದ ಒಡ್ಡಿನಿಂದ ಹೊರಟ ಒಂದು ಮಣ್ಣಿನ ಕಾಲುವೆ ಒಂದೊಂದೇ ತೋಟವನ್ನು ಮುಟ್ಟಿಕೊಂಡು ಬಂದು ಕಡೆಗೆ ನನ್ನ ತೋಟದಲ್ಲಿ ಮುಗಿದು ಹೋಗುತ್ತದೆ. ಮೊದಲ ತೋಟ ಚಂದಪ್ಪನ ಬಾಳೆಯದು, ಕೊನೆಯದು ನನ್ನ ಕೆಸದ್ದು. ನಮ್ಮ ಮನೆಯವರು ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕೆಲಸಕ್ಕಿದ್ದಾರೆ, ರವಿವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಹಾಗಾಗಿ ತೋಟದ ಹೆಚ್ಚು ಕಡಿಮೆ ಎಲ್ಲ ನನ್ನದೇ. ಕೆಸದ ಎಲೆಯನ್ನು ಬಾದಾಮಿಗೆ ಒಯ್ದು ಮಾರುತ್ತೇನೆ. ಗಡ್ಡೆ ಕೀಳುವುದು ಪುಷ್ಯದ ಬನದ ಹುಣ್ಣಿಮೆಯ ಹೊತ್ತಿಗೆ.

ಈ ಕಾಲುವೆಯ ಪಾಳಿ ನೋಡುತ್ತಿದ್ದವನು ಲಾಡಸಾಬ ಕಾಕಾ. ಅವನಪ್ಪನೂ ಅದೇ ಕೆಲಸ ಮಾಡಿದವನು. ಎಪ್ಪತ್ತರ ಹತ್ತಿರದ ಆಳು, ಒಣಕಲು ಮೈ, ಮಳೆಗಾಲ ಬೇಸಿಗೆ ಅನ್ನದೆ ಬರಿಗಾಲು, ಹೆಗಲ ಮೇಲೆ ಒಂದು ಸಲಕಿ. ಆ ಸಲಕಿಯಿಂದ ಮಣ್ಣು ಎಳೆದು ಒಬ್ಬರ ತೋಟದ ಬಾಯಿ ಮುಚ್ಚುತ್ತಿದ್ದ, ಇನ್ನೊಬ್ಬರದು ತೆರೆಯುತ್ತಿದ್ದ. ಇದಕ್ಕೆ ಸಂಬಳ ಇರಲಿಲ್ಲ. ಯಾರ ತೋಟದಲ್ಲಿ ಏನು ಬೆಳೆಯುತ್ತದೆಯೋ ಅದರಲ್ಲಿ ಅವನಿಗೊಂದು ಪಾಲು. ನಾನು ಎಲೆ ಕೊಡುತ್ತಿದ್ದೆ, ಚಂದಪ್ಪ ಬಾಳೆಗೊನೆ ಕೊಡುತ್ತಿದ್ದ. ಅವನ ಹೆಂಡತಿ ಖೈರುನಬಿ ಮನೆಯ ಕಟ್ಟೆಯ ಮೇಲೆ ಕೂತು ಊರವರ ಹಳೆಯ ಸೀರೆಗಳಿಂದ ಹೊದೆಯುವ ಕೌದಿ ಹೊಲಿಯುತ್ತಿದ್ದಳು. ನಮ್ಮ ಮನೆಯ ಎರಡು ಕೌದಿಗಳೂ ಅವಳ ಕೈಯವೇ.

ಕಾಕಾನದು ಒಂದು ಪದ್ಧತಿ ಇತ್ತು. ಪ್ರತಿ ತೋಟಕ್ಕೂ ವಾರದಲ್ಲಿ ಒಂದು ದಿನ ಎರಡು ತಾಸು ನೀರು. ಆದರೆ ಒಡ್ಡಿನ ಹತ್ತಿರ ನೀರು ಬಿಟ್ಟ ಹೊತ್ತಿನಿಂದ ಅವನು ತಾಸು ಎಣಿಸುತ್ತಿರಲಿಲ್ಲ. ಒಣಗಿ ಬಿದ್ದ ಕಾಲುವೆ ಮೊದಲು ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಆಮೇಲೆಯೇ ಮುಂದಕ್ಕೆ ಬಿಡುತ್ತದೆ ಅನ್ನುತ್ತಿದ್ದ. ಅದಕ್ಕೇ ನೀರಿನ ಜೊತೆ ತಾನೂ ಕಾಲುವೆಯೊಳಗೆ ನಡೆದು ಬರುತ್ತಿದ್ದ. ನೀರು ತೋಟದ ಬಾಯಿಗೆ ಬಂದಾಗ ‘ಮುಟ್ಟಿತು’ ಎಂದು ಕೂಗುತ್ತಿದ್ದ, ಲೆಕ್ಕ ಶುರುವಾಗುವುದು ಅಲ್ಲಿಂದ. ಕಿಸೆಯಲ್ಲಿ ಒಂದು ಹಳೆಯ ಕೀಲಿ ಕೊಡುವ ಗಡಿಯಾರ. ಅದರ ಗಾಜು ಒಡೆದು ಎಷ್ಟೋ ವರ್ಷವಾಗಿತ್ತು, ಹೊಸದು ಹಾಕಿಸಿರಲಿಲ್ಲ. ಗಡಿಯಾರ ತೆಗೆದಾಗಲೆಲ್ಲ ಬೆರಳನ್ನು ಮುಳ್ಳಿನ ಮೇಲೆ ಇಡುತ್ತಿದ್ದ. ಈ ಬೆರಳನ್ನು ನೆನಪಿಟ್ಟುಕೊಳ್ಳಿ.

ಇನ್ನು ನನ್ನ ಕೆಸದ ವಿಷಯ. ಕೆಸಕ್ಕೆ ಎಷ್ಟು ನೀರು ಕೊಟ್ಟರೂ ಕಡಿಮೆಯೇ ಎಂದು ನಾನು ನಂಬಿದ್ದೆ. ನಮ್ಮತ್ತೆಯೂ ಹಾಗೇ ಹೇಳುತ್ತಿದ್ದರು. ಮಡಿಯಲ್ಲಿ ನೀರು ಕನ್ನಡಿಯ ಹಾಗೆ ನಿಂತರೆ ನನಗೆ ಹೊಟ್ಟೆ ತಂಪು. ಕಾಕಾ ಅದನ್ನು ಒಪ್ಪುತ್ತಿರಲಿಲ್ಲ. ಕೆಸಕ್ಕೆ ನೀರು ಹರಿಯುತ್ತಿರಬೇಕು, ನಿಲ್ಲಬಾರದು, ನಿಂತ ನೀರಿನಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ, ಗಡ್ಡೆ ಮೆತ್ತಗಾಗುತ್ತದೆ ಎಂದು ಎಷ್ಟೋ ಸಲ ಹೇಳಿದ್ದ. ನಾನು ಈ ಕಿವಿಯಿಂದ ಕೇಳಿ ಆ ಕಿವಿಯಿಂದ ಬಿಟ್ಟಿದ್ದೆ. ಬೆಳೆ ನನ್ನದು, ಇವನೇನು ಹೇಳುವುದು ಎನ್ನುವ ಸೊಕ್ಕು.

ಹೋದ ವರ್ಷ ದಸರೆಗೆ ಮೊದಲಿನ ಮಾನವಮಿ ಅಮಾವಾಸ್ಯೆಯ ಹಿಂದುಮುಂದಿನ ಒಂದು ಸೋಮವಾರ. ನನ್ನ ಪಾಳಿ ಸೋಮವಾರ. ಹಿಂದಿನ ಎರಡು ದಿನ ಮಳೆ ಹೊಡೆದಿತ್ತು. ನಾನು ಬಾದಾಮಿಗೆ ಎಲೆ ಕೊಟ್ಟು ಬೇಗ ತಿರುಗಿ ಬಂದವಳು ನೋಡುತ್ತೇನೆ, ನನ್ನ ತೋಟದ ಬಾಯಿ ಮುಚ್ಚಿದೆ. ನನ್ನ ಎರಡು ತಾಸು ಇನ್ನೂ ಮುಗಿದಿಲ್ಲ. ಮಡಿಯೊಳಗೆ ಇಣುಕದೆಯೇ ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ನಡೆದರೆ, ನೀರು ಚಂದಪ್ಪನ ಬಾಳೆಗೆ ಹೋಗುತ್ತಿದೆ. ಕಾಕಾ ಅಲ್ಲೇ ನಿಂತು ಗಡಿಯಾರ ಹಿಡಿದು ಮುಳ್ಳಿನ ಮೇಲೆ ಬೆರಳಾಡಿಸುತ್ತಿದ್ದಾನೆ. ಮೂರು ದಿನದ ಹಿಂದಷ್ಟೇ ಚಂದಪ್ಪ ಅವನ ಮನೆಗೆ ಒಂದು ಗೊನೆ ಹೊತ್ತು ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಗೊನೆ, ನೀರು, ಬೆರಳು ಮೂರನ್ನೂ ಕೂಡಿಸಿದೆ. ಕೂಡಿಸುವುದರಲ್ಲಿ ನಾನು ಯಾವತ್ತೂ ಚುರುಕು.

ಒಡ್ಡಿನ ಹತ್ತಿರ ಅವತ್ತು ಆರೇಳು ಮಂದಿ ಇದ್ದರು. ನನ್ನ ನೀರನ್ನು ಬಾಳೆಗೊನೆಗೆ ಮಾರಿಕೊಂಡಿದ್ದಾನೆ ಎಂದೆ. ಗಡಿಯಾರದ ಮುಳ್ಳನ್ನು ಬೆರಳಿನಿಂದ ಸರಿಸುತ್ತಾನೆ, ನಾನೇ ನೋಡಿದ್ದೇನೆ ಎಂದೆ. ಯಾರೋ ಸಮಾಧಾನ ಮಾಡಲು ಬಂದರು. ನನಗೆ ಅದರಿಂದ ಇನ್ನೂ ರೇಗಿತು. ನಾವು ಬೀರಪ್ಪನ ಒಕ್ಕಲು. ಸೆರಗಿನ ಗಂಟಿನಲ್ಲಿ ದೇವರ ಭಂಡಾರದ ಪುಡಿ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಆ ಗಂಟು ಬಿಚ್ಚಿ, ಹಳದಿ ಪುಡಿಯನ್ನು ಅಂಗೈಯಲ್ಲಿ ಹಿಡಿದು, ಕಂಡದ್ದನ್ನೇ ಹೇಳುತ್ತಿದ್ದೇನೆ ಎಂದು ಬೀರಪ್ಪನ ಆಣೆ ಮಾಡಿದೆ. ಭಂಡಾರ ಹಿಡಿದ ಮೇಲೆ ಮಾತಿಲ್ಲ. ಗೊನೆ ಕೊಟ್ಟ ಚಂದಪ್ಪನಾದರೂ ಬಾಯಿ ಬಿಡಬಹುದಿತ್ತು. ಅದು ಕಾಕಾನ ಪಾಲಿನ ಗೊನೆ ಎಂದು ಅವನು ಹೇಳಲಿಲ್ಲ. ಎಲೆಯ ಪಾಲು ಕೊಡುವ ನನಗೂ ಅದು ಹೊಳೆಯಲಿಲ್ಲ.

ಕಾಕಾ ನನ್ನ ಮುಖ ನೋಡಲಿಲ್ಲ, ಅಂಗೈಯ ಕಡೆ ನೋಡಿದ. ನಾನು ವಾದಕ್ಕೆ ತಯಾರಾಗಿ ನಿಂತಿದ್ದೆ.

“ಗಡ್ಡಿ ಹೇಳತೈತಿ ಬಿಡವ್ವಾ,” ಎಂದ.

ಅಷ್ಟೇ. ಸಲಕಿಯನ್ನು ದಂಡೆಯ ಮಣ್ಣಿಗೆ ಊರಿ, ಅಲ್ಲೇ ಬಿಟ್ಟು, ಕಾಲುವೆಯ ಪಕ್ಕದ ದಾರಿ ಹಿಡಿದು ಮನೆಗೆ ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ತಪ್ಪು ಮಾಡಿದವನಿಗೆ ಬರಲು ಮುಖ ಎಲ್ಲಿಂದ ಬರಬೇಕು ಎಂದು ನಾನು ರೇಣವ್ವನ ಮುಂದೆ ಆಡಿಕೊಂಡೆ. ರೇಣವ್ವ ನನ್ನ ಪಕ್ಕದ ತೋಟದವಳು, ಮೆಂತೆ ಬೆಳೆಯುತ್ತಾಳೆ. ಅವಳು ಮೆಂತೆಯ ಕಟ್ಟು ಕಟ್ಟುತ್ತಲೇ ಇದ್ದಳು.

ಆಮೇಲೆ ಪಾಳಿಯನ್ನು ಮೊಬೈಲಿಗೆ ಕೊಟ್ಟೆವು. ಎಲೆಬಳ್ಳಿ ತೋಟದ ನಿಂಗರಾಜ ಎಲ್ಲರ ಹೆಸರು, ವಾರ, ಹೊತ್ತು ಬರೆದು ವಾಟ್ಸಾಪಿಗೆ ಹಾಕಿದ. ಅಲಾರಾಂ ಹೊಡೆದಾಗ ಒಡ್ಡಿನಲ್ಲಿ ನೀರು ಬಿಡುವುದು, ಎರಡು ತಾಸಿಗೆ ಮತ್ತೆ ಹೊಡೆದಾಗ ಕಟ್ಟುವುದು. ಇದರಲ್ಲಿ ಯಾರೂ ಬೆರಳಾಡಿಸುವಂತಿಲ್ಲ ಎಂದು ಎಲ್ಲರಿಗಿಂತ ಮೊದಲು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದವಳು ನಾನು. ಮೊದಲ ಸೋಮವಾರ ಅಲಾರಾಂ ಹೊಡೆಯಿತು, ನೀರು ಬಿಟ್ಟರು. ನನ್ನ ತೋಟದ ಬಾಯಲ್ಲಿ ಕಾದು ಕೂತೆ. ನೀರು ಬಂದಾಗ ಮುಕ್ಕಾಲು ತಾಸು ಕಳೆದಿತ್ತು. ಬಂದ ನೀರೂ ಸೊರಗಿ ಬಂದಿತ್ತು. ಎರಡನೆಯ ಅಲಾರಾಂ ಹೊಡೆದಾಗ ನನ್ನ ಅರ್ಧ ಮಡಿಗಳು ಇನ್ನೂ ಒಣಗಿದ್ದವು.

ಮುಂದಿನ ವಾರವೂ ಅದೇ, ಅದರ ಮುಂದಿನದಂತೂ ಇನ್ನೂ ಕಡಿಮೆ. ಮಳೆ ನಿಂತು ಹೋಗಿತ್ತು. ಕಾಲುವೆಯಲ್ಲಿ ಹುಲ್ಲು ಬೆಳೆಯಿತು, ಹೂಳು ಕೂತಿತು, ಏಡಿಗಳು ದಂಡೆಯಲ್ಲಿ ತೂತು ಕೊರೆದವು. ಮೇಲಿನ ತೋಟದವರಿಗೆ ಅದು ತಟ್ಟಲಿಲ್ಲ, ಅವರ ನೀರು ಅಷ್ಟು ದೂರ ನಡೆಯಬೇಕಾಗಿಯೇ ಇರಲಿಲ್ಲ. ದಾರಿಯ ಖರ್ಚೆಲ್ಲ ಕೊನೆಯವಳ ಮೇಲೆ. ಕೆಸದ ಹೊಸ ಎಲೆ ಅಂಗೈಯಷ್ಟಕ್ಕೇ ನಿಂತಿತು, ಹಳೆಯವು ಅಂಚಿನಿಂದ ಸುಟ್ಟುಕೊಂಡು ಬಂದವು. ಹಳ್ಳದಿಂದ ಕೊಡ ಹೊತ್ತು ಹಾಕಿದೆ. ಹತ್ತು ಗುಂಟೆಗೆ ಕೊಡದ ನೀರು ಎಲ್ಲಿ ಸಾಲಬೇಕು? ಬಾದಾಮಿಯಲ್ಲಿ ಖಾನಾವಳಿ ನಡೆಸುವ ಇಂದ್ರಾಬಾಯಿ ಒಂದು ದಿನ ನನ್ನ ಎಲೆಯ ಕಟ್ಟನ್ನೇ ತಿರುಗಿಸಿ ಕೊಟ್ಟಳು. ಎಷ್ಟು ಹುಣಸೆಹುಳಿ ಹಾಕಿ ಕುದಿಸಿದರೂ ಪಲ್ಲೆ ಗಂಟಲು ಕೆರೆಯುತ್ತದೆ, ಊಟಕ್ಕೆ ಬಂದವರು ಬೈದು ಹೋದರು ಎಂದಳು. ನೀರು ಕಡಿಮೆಯಾದ ಕೆಸ ತುರಿಕೆ ಹೆಚ್ಚು ಮಾಡುತ್ತದೆ ಎಂದು ನನಗೂ ಗೊತ್ತು. ಆಗಲೂ ನಾನು ಬೈದದ್ದು ಏಡಿಗಳನ್ನು, ನಿಂಗರಾಜನನ್ನು, ಮೊಬೈಲನ್ನು.

ದೀಪಾವಳಿಯ ನಂತರದ ಗೌರಿ ಹುಣ್ಣಿಮೆ ಕಳೆದ ಮೇಲಿನ ಸೋಮವಾರ ಒಂದು ಬದಲಾವಣೆ ಆಯಿತು. ಅಲಾರಾಂ ಹೊಡೆದು ಕಾಲು ತಾಸಾಗುವಷ್ಟರಲ್ಲಿ ನೀರು ಬಂತು, ಅದೂ ತುಂಬಿಕೊಂಡು. ದಂಡೆಯ ಮೇಲೆ ಕಿತ್ತು ಹಾಕಿದ ಹುಲ್ಲಿನ ಗುಪ್ಪೆಗಳಿದ್ದವು. ಎಮ್ಮೆಯವರು ಯಾರೋ ಮೇವಿಗೆ ಕಿತ್ತಿರಬೇಕು ಅಂದುಕೊಂಡೆ. ಮೇವಿಗೆ ಕಿತ್ತವರು ಬಿಟ್ಟು ಹೋಗುತ್ತಾರೆಯೇ ಎಂದು ಕೇಳಿಕೊಳ್ಳಲಿಲ್ಲ. ಗುಂಪಿನಲ್ಲಿ ನಾನು ಕಳಿಸಿದ ನಾಲ್ಕು ಖಾರದ ಮಾತಿಗೆ ನಿಂಗರಾಜ ಎಚ್ಚೆತ್ತಿದ್ದಾನೆ ಎಂದು ಒಳಗೊಳಗೇ ಬೀಗಿದೆ. ಕೆಸ ಮತ್ತೆ ತಲೆ ಎತ್ತಿತು.

ಬನಶಂಕರಿ ತಾಯಿಗೆ ಬನದ ಹುಣ್ಣಿಮೆಯ ಹಿಂದಿನ ದಿನ ಪಲ್ಲೇದ ಹಬ್ಬ. ನೂರಾ ಎಂಟು ತರಕಾರಿ ಅಡಿಗೆ ಮಾಡಿ ಎಡೆ ಹಿಡಿಯುತ್ತಾರೆ. ಅದಕ್ಕೆ ನಮ್ಮ ತೋಟಗಳಿಂದ ಒಬ್ಬೊಬ್ಬರು ಒಂದೊಂದು ಕೊಡುವ ರೂಢಿ, ಕೆಸದ ಗಡ್ಡೆ ನನ್ನ ಪಾಲಿನದು. ಹತ್ತು ದಿನ ಮೊದಲೇ ನೀರು ನಿಲ್ಲಿಸಿ, ಎಲೆ ಹಳದಿಯಾದ ಮೇಲೆ ಅಗೆಯಲು ಕೂತೆ. ರೇಣವ್ವ ಕೈಗೂಡಿಸಲು ಬಂದಿದ್ದಳು. ಮೊದಲ ತಾಯಿಗಡ್ಡೆ ಹೊರಬಂತು. ಕೆಳಗೆ ದಪ್ಪ, ಮೇಲೆ ದಪ್ಪ, ನಡುವೆ ಹಿಚುಕಿದ ಹಾಗೆ ಸಣ್ಣ. ಎರಡನೆಯದೂ ಹಾಗೇ. ಸಾಲಿಗೆ ಸಾಲೇ ಹಾಗೆ.

“ಇದೇನ ಮಾದೇವಿ, ಗಡ್ಡಿ ನಡಕ್ಕ ಡಾಬು ಕಟ್ಟಿ ಬೆಳಿಸೀಯೇನ?” ಎಂದು ರೇಣವ್ವ ನಕ್ಕಳು.

ನಾನೂ ನಗಲು ಹೋದೆ, ಆಗಲಿಲ್ಲ. ‘ಗಡ್ಡಿ ಹೇಳತೈತಿ’ ಎಂದ ಮಾತು ಆ ಸಣ್ಣ ನಡುವಿನಲ್ಲಿ ಸಿಕ್ಕಿಕೊಂಡು ಕೂತಿತ್ತು. ಕೆಸದ ಗಡ್ಡೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಬುಡ ಮುಂಗಾರಿನ ಮಿರಗದ ಮಳೆಯಲ್ಲಿ ನೆಟ್ಟಾಗಿನದು, ತುದಿ ಈಗಿನದು. ಎಲೆ ಬಿದ್ದಲ್ಲೆಲ್ಲ ಒಂದು ಉಂಗುರ ಉಳಿಯುತ್ತದೆ. ನೀರು ತಪ್ಪಿದ ದಿನಗಳಲ್ಲಿ ಮೈ ಸಣ್ಣಗಾಗುತ್ತದೆ, ನೀರು ತಿರುಗಿ ಬಂದರೆ ಮತ್ತೆ ಹಿಗ್ಗುತ್ತದೆ, ಆದರೆ ಸಣ್ಣಗಾದದ್ದು ತುಂಬಿಕೊಳ್ಳುವುದಿಲ್ಲ. ಇದೆಲ್ಲ ನನಗೆ ಗೊತ್ತಿರದ್ದೇನಲ್ಲ. ಕಾಕಾ ನನ್ನ ನೀರು ಕದ್ದಿದ್ದರೆ ಸಣ್ಣಗಾಗಬೇಕಾದದ್ದು ಬುಡ. ಬುಡ ಕೈತುಂಬ ಇತ್ತು. ಒಂದು ಗಡ್ಡೆಯೂ ಕೊಳೆತಿರಲಿಲ್ಲ. ನಡು ಶುರುವಾದದ್ದು ಅವನು ಸಲಕಿ ಊರಿ ಹೋದ ಮೇಲೆ. ನಾನು ಸುಳ್ಳು ಆಣೆ ಮಾಡಿರಲಿಲ್ಲ. ತೋಟದ ಬಾಯಿ ಮುಚ್ಚಿದ್ದು ಖರೆ, ನೀರು ಬಾಳೆಗೆ ಹೋದದ್ದು ಖರೆ, ಬೆರಳಾಡಿಸಿದ್ದೂ ಖರೆ. ಕಂಡದ್ದೆಲ್ಲ ಖರೆ ಇದ್ದೂ ನಾನು ಆಡಿದ್ದು ಸುಳ್ಳಾಗಿತ್ತು. ನನಗೆ ಹೆದರಿಕೆಯಾದದ್ದು ಇದಕ್ಕೇ.

ಒಂದು ಗಡ್ಡೆಯ ಮಣ್ಣು ಒರೆಸಿ ಸೆರಗಿನಲ್ಲಿ ಇಟ್ಟುಕೊಂಡು ಅವನ ಮನೆಗೆ ಹೋದೆ. ಖೈರುನಬಿ ಕಟ್ಟೆಯ ಮೇಲೆ ಕೌದಿ ಹರವಿಕೊಂಡಿದ್ದಳು. ಕೌದಿಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು. ಕಾಕಾ ಒಳಗಿನಿಂದ ಬಂದ. ಗೋಡೆ ಮುಟ್ಟಿಕೊಂಡು ಬಂದ. ಬಿಸಿಲಿಗೆ ಬಂದಾಗ ಅವನ ಎರಡೂ ಕಣ್ಣಲ್ಲಿ ಬಿಳಿ ಪೊರೆ ಕಂಡಿತು. ಯಾವಾಗಿನಿಂದ ಎಂದು ಕೇಳಿದೆ. ಮೂರು ವರ್ಷ ಆಯಿತು, ಬಾಗಲಕೋಟೆಗೆ ಹೋಗಿ ತೆಗೆಸಬೇಕು, ಇವತ್ತು ನಾಳೆ ಅನ್ನುತ್ತಾನೆ ಎಂದು ಖೈರುನಬಿಯೇ ಉತ್ತರ ಕೊಟ್ಟಳು. ಹಾಗಾದರೆ ಮುಳ್ಳಿನ ಮೇಲಿನ ಬೆರಳು ಹೊತ್ತು ಸರಿಸುವುದಕ್ಕಲ್ಲ, ಹೊತ್ತು ಓದುವುದಕ್ಕೆ. ನಾನು ಗಡ್ಡೆಯನ್ನು ಅವನ ಕೈಗೆ ಕೊಟ್ಟೆ. ಮಾತಾಡಲು ನನಗೆ ಬೇರೆ ದಾರಿ ಇರಲಿಲ್ಲ.

ಅವನು ಹೆಬ್ಬೆರಳನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ಒಯ್ದ.

“ಬುಡಾ ಛಲೋ ತುಂಬೈತಿ. ಇಲ್ಲಿ ಉಂಗುರ ಒತ್ತೊತ್ತಾಗಿ ಬಂದಾವು ನೋಡು. ಆರು ಪಾಳಿ ಒಣಗೈತಿ.”

ಅಮಾವಾಸ್ಯೆಯಿಂದ ಗೌರಿ ಹುಣ್ಣಿಮೆಯವರೆಗೆ ಬೆರಳು ಮಡಚಿದೆ. ಆರು ಸೋಮವಾರ. ಆ ದಿನ ನನ್ನ ತೋಟದ ಬಾಯಿ ಯಾಕೆ ಮುಚ್ಚಿದ್ದೆ ಎಂದು ಆಗ ಕೇಳಿದೆ. ಮೊದಲೇ ಕೇಳಬೇಕಾದ ಪ್ರಶ್ನೆ ಅದು. ಮಳೆ ಆಗಿತ್ತಲ್ಲ, ನಿನ್ನ ಮಡಿಯೊಳಗೆ ಕಾಲಿಟ್ಟರೆ ಮೀನಗಂಡದವರೆಗೆ ನೀರು ನಿಂತಿತ್ತು, ಇನ್ನೂ ಬಿಟ್ಟಿದ್ದರೆ ಗಡ್ಡೆ ಕೊಳೆಯುತ್ತಿತ್ತು, ಬಾಳೆಯದು ಮರಳು ನೆಲ, ತಡೆದುಕೊಳ್ಳುತ್ತದೆ ಎಂದು ಅಲ್ಲಿಗೆ ತಿರುಗಿಸಿದೆ ಎಂದ. ಆವತ್ತೇ ಹೇಳಬಹುದಿತ್ತಲ್ಲ ಎಂದೆ. ಭಂಡಾರ ಹಿಡಿದವಳ ಮುಂದೆ ಏನು ಹೇಳುವುದು ಎಂದ.

“ಮ್ಯಾಲ ಮತ್ತ ತುಂಬೈತಲ್ಲ ಕಾಕಾ. ಅದು ಯಾರ ನೀರು?”

ಅವನು ಗಡ್ಡೆಯನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಖೈರುನಬಿ ಸೂಜಿ ಕೌದಿಗೆ ಚುಚ್ಚಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು.

“ಗೌರಿ ಹುಣ್ಣಿವಿಂದ ಇತ್ತಾಗ ಪ್ರತಿ ಸ್ವಾಮಾರ ನಸಿಕಿನ್ಯಾಗ ಎಲ್ಲಿಗೆ ಹೊಕ್ಕಿದ್ದ ಅಂತ ತಿಳದಿ? ಏಡಿ ತೂತು ಮುಚ್ಚಿ, ಹೂಳ ತಗದು, ಮೈಯೆಲ್ಲ ರಾಡಿ ಮಾಡ್ಕೊಂಡು ಬರ್ತಿದ್ದ. ಕಣ್ಣಿಲ್ಲದಾಂವಗ ಕತ್ತಲಿ ಏನು, ಬೆಳಕೇನು.”

ಯಾಕೆ ಮಾಡಿದಿ ಕಾಕಾ ಎಂದೆ. ಸಂತೆಗೆ ಹೋಗುವಾಗ ದಂಡೆಯ ಮೇಲೆ ಹಾಯ್ದಿದ್ದನಂತೆ, ಒಣಗಿದ ಎಲೆ ಕಾಲಿಗೆ ತಾಗಿದ್ದವಂತೆ.

“ಜಗಳ ನಿಂದು ನಂದು. ಕೆಸ ಏನ ಮಾಡಿತ್ತು?” ಎಂದ.

ಮರುದಿನ ಹನ್ನೊಂದು ತೋಟದವರನ್ನೂ ಒಡ್ಡಿನ ಹತ್ತಿರ ಕರೆಸಿದೆ. ಕೆಡಿಸಿದ ಜಾಗದಲ್ಲೇ ಹೇಳಬೇಕಿತ್ತು, ವಾಟ್ಸಾಪಿನಲ್ಲಲ್ಲ. ಸೆರಗಿನ ಗಂಟು ಬಿಚ್ಚಿ ಮತ್ತೆ ಭಂಡಾರ ಹಿಡಿದೆ. ಒಂದು ಗಡ್ಡೆಯನ್ನು ಉದ್ದಕ್ಕೆ ಸೀಳಿ ತೋರಿಸಿ, ಇಲ್ಲಿಯವರೆಗೆ ಲಾಡಸಾಬ ಕಾಕಾ ಇದ್ದ, ಇಲ್ಲಿ ನಾವು ಇದ್ದೆವು, ಇಲ್ಲಿಂದ ಮುಂದೆ ಮತ್ತೆ ಅವನೇ ಇದ್ದಾನೆ ಎಂದೆ. ನಾನು ಕಂಡದ್ದು ಅರ್ಧ, ಆಡಿದ್ದು ಪೂರಾ ತಪ್ಪು ಎಂದೆ. ಇಷ್ಟು ಹೇಳಲು ನನ್ನಂಥ ಬಾಯಿಯವಳಿಗೆ ಬೆವರು ಕಿತ್ತುಕೊಂಡು ಬಂತು. ಚಂದಪ್ಪ ತಲೆ ತಗ್ಗಿಸಿ, ಆ ಗೊನೆ ಅವನ ಪಾಲಿನದೇ ಆಗಿತ್ತು ಎಂದು ಈಗ ಹೇಳಿದ. ನಿಂಗರಾಜ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಎಲ್ಲರೂ ಕೂಡಿ ಕಾಕಾನ ಮನೆಗೆ ಹೋದೆವು.

ಅವನು ತಿರುಗಿ ಬರಲು ಒಪ್ಪಲಿಲ್ಲ. ಸಿಟ್ಟಿನಿಂದಲ್ಲ, ಕಣ್ಣಿನ ಪೊರೆ ತೆಗೆಸಿದರೂ ಇನ್ನು ಮೊಣಕಾಲು ಕೇಳುವುದಿಲ್ಲ ಎಂದ. ಸಲಕಿ ಯಾರ ಕೈಗೆ ಎಂಬ ಮಾತು ಬಂದಾಗ ನನ್ನ ಕಡೆ ಕೈ ತೋರಿಸಿದ. ಕೊನೆಯ ತೋಟದವಳಿಗೆ ನೀರಿನ ಬೆಲೆ ಗೊತ್ತಿರುತ್ತದೆ, ಜೊತೆಗೆ ಬೈಯುವ ಬಾಯೂ ಇದೆ ಎಂದಾಗ ಎಲ್ಲರೂ ನಕ್ಕರು. ಒಂದು ವಾರ ನನ್ನನ್ನು ಬರಿಗಾಲಲ್ಲಿ ಕಾಲುವೆಯೊಳಗೆ ನಡೆಸಿದ. ತಾನು ದಂಡೆಯ ಮೇಲೆ ಕೂತು, ನೀರು ಎಲ್ಲಿ ಇಂಗುತ್ತಿದೆ ಎಂದು ಕಾಲಿಗೆ ಕೇಳು, ಕಣ್ಣಿಗೆ ಕೇಳಬೇಡ ಅನ್ನುತ್ತಿದ್ದ. ಆ ಸಲದ ಪಲ್ಲೇದ ಹಬ್ಬಕ್ಕೆ ನಡು ಬಂದ ಗಡ್ಡೆಯನ್ನೇ ಕೊಟ್ಟೆ. ಅದಕ್ಕಿಂತ ಖರೆ ಇರುವುದು ನನ್ನ ತೋಟದಲ್ಲಿ ಬೇರೆ ಇರಲಿಲ್ಲ.

ಈ ವರ್ಷ ಮಿರಗ ಕೂಡಿ ಒಂದು ತಿಂಗಳಾಗಿತ್ತು. ರೇಣವ್ವನ ಪಾಳಿ, ಒಡ್ಡಿನಲ್ಲಿ ನೀರು ಬಿಟ್ಟು ನೀರಿನ ಜೊತೆ ನಡೆಯಲು ಶುರು ಮಾಡಿದ್ದೆ. ಬಾಳೆಯ ತೋಟದಿಂದ ಚಂದಪ್ಪ ಬಂದು ದಾರಿಗೆ ಅಡ್ಡ ನಿಂತ. ಅವನ ಜೊತೆ ಇನ್ನೂ ಇಬ್ಬರು ಇದ್ದರು.

“ಕಡೀ ತ್ವಾಟ ನಿಂದು. ಮುಟ್ಟಿದ ಮ್ಯಾಲ ಎಣಸೂದು ಯಾರಿಗೆ ಲಾಭ ಅಂತ ನಮಗೂ ತಿಳೀತೈತಿ,” ಎಂದ.

ಅವನು ಹೇಳಿದ್ದೂ ಖರೆಯೇ, ಕೊನೆಯ ತೋಟ ನನ್ನದೇ. ಸಲಕಿಯನ್ನು ದಂಡೆಗೆ ಊರಿದೆ. ನೀರು ಹರಿಯುತ್ತಿದ್ದಂತೆಯೇ ಬಿಟ್ಟು ನೆಟ್ಟಗೆ ಕಾಕಾನ ಮನೆಗೆ ನಡೆದೆ. ಕಾಲು ತೊಳೆಯದೆ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಹೇಳುವಾಗ ಅಳು ಬಂತು. ಅವನಿಗೆ ಆಗ ಆಪರೇಶನ್ ಆಗಿ ಕಪ್ಪು ಕನ್ನಡಕ ಬಂದಿತ್ತು. ನಾನು ಮುಗಿಸಿದ ಮೇಲೆ, ಸಲಕಿ ಎಲ್ಲಿದೆ ಎಂದು ಕೇಳಿದ. ಅಲ್ಲೇ ಬಿಟ್ಟು ಬಂದೆ ಎಂದೆ.

“ಹೋಗಿ ತಗೋ ಮಗಳ. ನಾ ಒಂದ ತಪ್ಪ ಮಾಡೇನಿ, ಸಲಕಿ ಬಿಟ್ಟ ಬಂದೆ. ನಿನ್ನ ಗಡ್ಡಿಗೆ ನಡಾ ಬಂದದ್ದು ಅದಕ್ಕ.”

ಇಷ್ಟು ದಿನ ಆ ನಡು ನನ್ನದೊಬ್ಬಳದೇ ಅಂದುಕೊಂಡಿದ್ದೆ. ಓಡಿಕೊಂಡು ಹೋದೆ. ಸಲಕಿ ಊರಿದಲ್ಲೇ ಇತ್ತು. ಚಂದಪ್ಪ ಅದರ ಪಕ್ಕಕ್ಕೇ ನಿಂತಿದ್ದ, ಮುಟ್ಟಿರಲಿಲ್ಲ. ಕಿತ್ತು ಹೆಗಲಿಗೆ ಹಾಕಿಕೊಂಡು ಅವನ ಮುಂದೆಯೇ ಕಾಲುವೆಗೆ ಇಳಿದೆ. ನೀರು ರೇಣವ್ವನ ತೋಟದ ಬಾಯಿಗೆ ಇನ್ನೂ ಮುಟ್ಟಿರಲಿಲ್ಲ, ಲೆಕ್ಕ ಶುರುವಾಗಿರಲಿಲ್ಲ.